ಖಿನ್ನತೆಗೆ ಹೊಸ ಔಷಧಿ: ರೀಲ್ಸ್ ಹೇಳೋದೆಷ್ಟು, ಲೆಕ್ಕ ಹೇಳೋದೆಷ್ಟು?

ಮೆಟ್ರೋದಲ್ಲಿ ನಿಂತ್ಕೊಂಡು ಕೇಳ್ತಿರೋರಿಗೆ, ಪಾತ್ರೆ ತೊಳೀತಾ ಕೇಳ್ತಿರೋರಿಗೆ, ರಾತ್ರಿ ನಿದ್ದೆ ಬರದೆ ಇಯರ್‌ಫೋನ್ ಹಾಕ್ಕೊಂಡಿರೋರಿಗೆ, ಎಲ್ಲರಿಗೂ ಸ್ವಾಗತ.

ಇವತ್ತಿನ ವಿಷಯ ಆರಿಸಿದ್ದು ನಾನಲ್ಲ, ನೀವು. ಆಂಗ್ಸೈಟಿ ಬಗ್ಗೆ ಮಾಡಿದ ಎಪಿಸೋಡ್ ಆದ್ಮೇಲೆ ಬಂದ ಮೆಸೇಜ್‌ಗಳಲ್ಲಿ ಒಂದೇ ಥರದ ಪ್ರಶ್ನೆ ಮತ್ತೆ ಮತ್ತೆ ಬಂತು. "ಕೆಟಮಿನ್ ಅಂತ ಒಂದು ಇಂಜೆಕ್ಷನ್ ಇದ್ಯಂತೆ, ಕೆಲವೇ ಗಂಟೆಯಲ್ಲಿ ಡಿಪ್ರೆಷನ್ ಹೋಗುತ್ತಂತೆ, ಹೌದಾ?" "ಅಣಬೆಯಿಂದ ಮಾಡಿದ ಮಾತ್ರೆ ಬರ್ತಿದ್ಯಂತೆ, ನಮ್ಮಲ್ಲಿ ಯಾವಾಗ?" ಒಬ್ಬರಂತೂ ಉದ್ದಕ್ಕೆ ಬರೆದಿದ್ರು: "ಎರಡು ವರ್ಷದಲ್ಲಿ ಮೂರು ಮಾತ್ರೆ ಬದಲಾಯಿಸಿದ್ದಾರೆ. ಯಾವುದೂ ಕೆಲಸ ಮಾಡ್ತಿಲ್ಲ. ಇರೋದನ್ನ ನಿಲ್ಲಿಸಿ ಹೊಸದಕ್ಕೆ ಹೋಗ್ಲಾ?"

ಈ ಕೊನೇ ಪ್ರಶ್ನೆ ಇದೆಯಲ್ಲ, ಅದಕ್ಕೋಸ್ಕರವೇ ಈ ಎಪಿಸೋಡ್. ಯಾಕಂದ್ರೆ ಒಂದು ನಿಮಿಷದ ರೀಲ್ ನೋಡಿ ಯಾರಾದ್ರೂ ಮಾತ್ರೆ ನಿಲ್ಲಿಸಿಬಿಟ್ರೆ, ಅದರ ಪರಿಣಾಮ ಅನುಭವಿಸೋದು ರೀಲ್ ಮಾಡಿದವರಲ್ಲ.

ಮೊದಲೇ ಎರಡು ಮಾತು. ಒಂದು, ನಾನು ಡಾಕ್ಟರ್ ಅಲ್ಲ. ಓದಿದ್ದು ಬಿಕಾಂ. ಬ್ಯಾಲೆನ್ಸ್ ಶೀಟ್ ಓದೋಕೆ ಬರುತ್ತೆ, ಪ್ರಿಸ್ಕ್ರಿಪ್ಷನ್ ಬರೆಯೋಕೆ ಬರಲ್ಲ. ಆದ್ರೆ ಔಷಧಿ ಸುದ್ದಿ ಅರ್ಥ ಮಾಡಿಕೊಳ್ಳೋಕೆ ಲೆಕ್ಕ ಸ್ವಲ್ಪ ಉಪಯೋಗಕ್ಕೆ ಬರುತ್ತೆ, ಅದನ್ನ ಮುಂದೆ ತೋರಿಸ್ತೀನಿ. ಎರಡು, ಇದನ್ನ ಕೇಳ್ತಿರೋವಾಗಲೇ ಯಾರಿಗಾದ್ರೂ "ಸಾಕು ಈ ಬದುಕು" ಅನ್ನಿಸ್ತಿದ್ರೆ, ಎಪಿಸೋಡ್ ನಿಲ್ಲಿಸಿ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್. ಹಗಲು-ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಎಪಿಸೋಡ್ ಎಲ್ಲೂ ಹೋಗಲ್ಲ.

ಸರಿ, ಶುರು ಮಾಡೋಣ.

ಹೊಸ ಔಷಧಿ ಯಾಕೆ ಬೇಕು, ಇರೋದು ಸಾಲದಾ? ಇದು ನ್ಯಾಯವಾದ ಪ್ರಶ್ನೆ. ಈಗ ಡಾಕ್ಟರ್ ಬರೆದುಕೊಡೋ ಡಿಪ್ರೆಷನ್ ಮಾತ್ರೆಗಳ ಮೂಲ ಹುಡುಕ್ತಾ ಹೋದ್ರೆ 1950ರ ದಶಕಕ್ಕೆ ಹೋಗಿ ನಿಲ್ತೀವಿ. ನ್ಯೂಯಾರ್ಕ್‌ನ ಸೀ ವ್ಯೂ ಅನ್ನೋ ಕ್ಷಯರೋಗದ ಆಸ್ಪತ್ರೆಯಲ್ಲಿ 1952ರಲ್ಲಿ ಇಪ್ರೋನಿಯಾಜಿಡ್ ಅನ್ನೋ ಔಷಧಿ ಕೊಟ್ಟು ನೋಡ್ತಾರೆ. ಕೊಟ್ಟಿದ್ದು ಟಿಬಿಗೆ. ಆದ್ರೆ ಹಾಸಿಗೆ ಹಿಡಿದಿದ್ದ ರೋಗಿಗಳು ಎದ್ದು ಓಡಾಡೋಕೆ, ನಗೋಕೆ, ಹೊಟ್ಟೆ ತುಂಬ ಊಟ ಮಾಡೋಕೆ ಶುರು ಮಾಡಿದ್ರು. ಮುಂದೆ ಅದೇ ಔಷಧಿಯನ್ನ ಖಿನ್ನತೆಗೆ ಬಳಸಿದ್ರು. ಲಿವರ್‌ಗೆ ತೊಂದರೆ ಮಾಡುತ್ತೆ ಅಂತ ಗೊತ್ತಾದ ಮೇಲೆ ಅದು ಅಮೆರಿಕದ ಮಾರುಕಟ್ಟೆಯಿಂದ ಹೋಯ್ತು. ಆದ್ರೆ "ಮನಸ್ಸಿನ ಕುಸಿತಕ್ಕೂ ಮಾತ್ರೆ ಇರಬಹುದು" ಅನ್ನೋ ಯೋಚನೆ ಉಳೀತು.

ಸ್ವಿಟ್ಜರ್ಲೆಂಡ್‌ನಲ್ಲಿ ರೋಲಂಡ್ ಕುನ್ ಅನ್ನೋ ವೈದ್ಯರು ಇಮಿಪ್ರಮಿನ್ ಬಗ್ಗೆ 1957ರಲ್ಲಿ ಬರೆದ್ರು. ಆಮೇಲೆ 1987ರ ಕೊನೆಗೆ ಅಮೆರಿಕದಲ್ಲಿ ಪ್ರೋಜ್ಯಾಕ್‌ಗೆ ಒಪ್ಪಿಗೆ ಸಿಕ್ತು. ಇವತ್ತು ನಮ್ಮ ಊರಿನ ಮೆಡಿಕಲ್ ಶಾಪ್‌ನಲ್ಲಿ ಸಿಗೋ ಎಸ್ಸಿಟಲೋಪ್ರಾಮ್, ಸರ್ಟ್ರಲಿನ್ ಎಲ್ಲಾ ಅದೇ ಮನೆತನದವು. ಹೆಚ್ಚುಕಡಿಮೆ ಎಲ್ಲವೂ ಸೆರೊಟೋನಿನ್, ನಾರ್‌ಎಪಿನೆಫ್ರಿನ್ ಅನ್ನೋ ರಾಸಾಯನಿಕಗಳ ಸುತ್ತಲೇ ಸುತ್ತುತ್ತವೆ.

ಇವು ಕೆಲಸ ಮಾಡ್ತವಾ? ಮಾಡ್ತವೆ, ಆದ್ರೆ ಎಲ್ಲರಿಗೂ ಅಲ್ಲ, ತಕ್ಷಣಕ್ಕೂ ಅಲ್ಲ. ಅಮೆರಿಕದಲ್ಲಿ ಸ್ಟಾರ್-ಡಿ ಅಂತ ಒಂದು ದೊಡ್ಡ ಅಧ್ಯಯನ ನಡೀತು, 4000ಕ್ಕೂ ಹೆಚ್ಚು ಜನ ಸೇರಿದ್ರು. ಮೊದಲ ಮಾತ್ರೆಯಲ್ಲೇ ಪೂರ್ತಿ ಅನ್ನೋವಷ್ಟು ಚೇತರಿಸಿಕೊಂಡವರು ಸುಮಾರು ಮೂರನೇ ಒಂದು ಭಾಗ. ಉಳಿದವರಿಗೆ ಎರಡನೇದು, ಮೂರನೇದು, ನಾಲ್ಕನೇದು. ಪ್ರತಿ ಹೆಜ್ಜೆಗೂ ಚೇತರಿಕೆಯ ಸಾಧ್ಯತೆ ಕಡಿಮೆ ಆಗ್ತಾ ಹೋಯ್ತು. ಜೊತೆಗೆ, ಮಾತ್ರೆ ಪರಿಣಾಮ ತೋರಿಸೋಕೆ ಕೆಲವು ವಾರ ಬೇಕು. ಒಳಗೆ ಬೆಂಕಿ ಹತ್ತಿಕೊಂಡಿರೋನಿಗೆ ನಾಲ್ಕು ವಾರ ಕಾಯಿ ಅನ್ನೋದು ಸಣ್ಣ ಮಾತಲ್ಲ.

ಅದಕ್ಕೇ ವಿಜ್ಞಾನಿಗಳು ಬೇರೆ ದಾರಿ ಹುಡುಕಿದ್ರು. ಆ ದಾರಿಯಲ್ಲಿ ಅತಿ ಹೆಚ್ಚು ದೂರ ಹೋಗಿರೋದು ಕೆಟಮಿನ್. ಹಾಗಾಗಿ ಅದರ ಕಥೆಯನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ.

ಕೆಟಮಿನ್ ಹೊಸ ಔಷಧಿಯೇ ಅಲ್ಲ. 1962ರಲ್ಲಿ ಪಾರ್ಕ್-ಡೇವಿಸ್ ಕಂಪನಿಗಾಗಿ ಕ್ಯಾಲ್ವಿನ್ ಸ್ಟೀವನ್ಸ್ ಅನ್ನೋ ರಸಾಯನಶಾಸ್ತ್ರಜ್ಞ ತಯಾರಿಸಿದ್ದು. ಉದ್ದೇಶ, ಆಪರೇಷನ್‌ಗೆ ಅರಿವಳಿಕೆ. 1964ರಲ್ಲಿ ಮೊದಲ ಸಲ ಮನುಷ್ಯರ ಮೇಲೆ ಪ್ರಯೋಗ ಆಯ್ತು. ಯಾರ ಮೇಲೆ ಗೊತ್ತಾ? ಮಿಷಿಗನ್ ರಾಜ್ಯದ ಜಾಕ್ಸನ್ ಜೈಲಿನ ಕೈದಿಗಳ ಮೇಲೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. 1970ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು, ವಿಯೆಟ್ನಾಂ ಯುದ್ಧದಲ್ಲಿ ಗಾಯಾಳುಗಳಿಗೆ ಬಳಸಿದ್ರು. ಇವತ್ತಿಗೂ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲಿ ಇದು ಇದೆ. ನಿಮ್ಮ ಮನೆಯಲ್ಲಿ ಯಾರಿಗಾದ್ರೂ ಆಪರೇಷನ್ ಆಗಿದ್ರೆ ಅವರಿಗೂ ಕೊಟ್ಟಿರಬಹುದು. ಪಶುವೈದ್ಯರೂ ಬಳಸ್ತಾರೆ.

2000ನೇ ಇಸವಿಯಲ್ಲಿ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಬಹಳ ಚಿಕ್ಕ ಅಧ್ಯಯನವೊಂದನ್ನ ಪ್ರಕಟಿಸಿದ್ರು. ಅದನ್ನ ಪೂರ್ತಿ ಮಾಡಿದ ರೋಗಿಗಳು ಏಳೇ ಜನ. ಅರಿವಳಿಕೆಗೆ ಬೇಕಾದ್ದಕ್ಕಿಂತ ತುಂಬ ಕಡಿಮೆ ಪ್ರಮಾಣದ ಕೆಟಮಿನ್‌ನ್ನ ರಕ್ತನಾಳಕ್ಕೆ ಡ್ರಿಪ್ ಥರ ಬಿಟ್ರೆ, ಮೂರು ದಿನದ ಒಳಗೆ ಖಿನ್ನತೆ ಇಳೀತು ಅನ್ನೋದು ಅದರ ಸಾರ. 2006ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಕಾರ್ಲೋಸ್ ಜರಾಟೆ ಮತ್ತು ತಂಡ ಇದನ್ನೇ ಇನ್ನೊಮ್ಮೆ ಪರೀಕ್ಷಿಸಿತು. ಬೇರೆ ಮಾತ್ರೆಗಳು ಕೆಲಸ ಮಾಡದ 17 ಜನಕ್ಕೆ ಕೆಟಮಿನ್ ಕೊಟ್ರು. ಮಾರನೇ ದಿನಕ್ಕೆ ಶೇ 71ರಷ್ಟು, ಅಂದ್ರೆ 12 ಜನಕ್ಕೆ ಗಣನೀಯ ಸುಧಾರಣೆ.

ರೀಲ್ಸ್ ಇಲ್ಲಿಗೇ ನಿಲ್ಲುತ್ತೆ. ಅದೇ ಅಧ್ಯಯನದ ಮುಂದಿನ ಸಾಲು ಕೇಳಿ: ಒಂದು ವಾರದವರೆಗೂ ಆ ಸುಧಾರಣೆ ಉಳಿದಿದ್ದು ಶೇ 35 ಜನಕ್ಕೆ. ಅಂದ್ರೆ 17ರಲ್ಲಿ 6 ಜನಕ್ಕೆ. ವೇಗವಾಗಿ ಬರುತ್ತೆ ಅನ್ನೋದೂ ನಿಜ, ವೇಗವಾಗಿ ಹೋಗಬಹುದು ಅನ್ನೋದೂ ನಿಜ.

ಹಾಗಂತ ಇದನ್ನ ಕಡೆಗಣಿಸೋಕಾಗಲ್ಲ. ಇಲ್ಲಿ ಬೇರೆಯದೇ ಬಾಗಿಲು ತೆರೆದುಕೊಂಡಿತ್ತು. ಕೆಟಮಿನ್ ಮುಖ್ಯವಾಗಿ ಕೆಲಸ ಮಾಡೋದು ಮಿದುಳಿನ ಗ್ಲುಟಮೇಟ್ ಅನ್ನೋ ಇನ್ನೊಂದು ವ್ಯವಸ್ಥೆಯ ಮೇಲೆ. ನರಕೋಶಗಳ ನಡುವೆ ಕಡಿದುಹೋದ ಸಂಪರ್ಕಗಳು ಮತ್ತೆ ಬೆಳೆಯೋಕೆ ಇದು ಸಹಾಯ ಮಾಡುತ್ತೆ ಅನ್ನೋದಕ್ಕೆ ಪ್ರಾಣಿಗಳ ಅಧ್ಯಯನಗಳಲ್ಲಿ ಆಧಾರ ಸಿಕ್ಕಿದೆ. ಐವತ್ತು ವರ್ಷದಲ್ಲಿ ಮೊದಲ ಸಲ ಹೊಸ ರಸ್ತೆ ಕಂಡಂತಾಯ್ತು.

ಈಗ ನನ್ನ ಸಬ್ಜೆಕ್ಟ್‌ಗೆ ಬರ್ತೀನಿ, ದುಡ್ಡು. ಕೆಟಮಿನ್ ಹಳೇ ಔಷಧಿ, ಪೇಟೆಂಟ್ ಎಂದೋ ಮುಗಿದಿದೆ, ಅಗ್ಗ. ಅದರ ಮೇಲೆ ಕೋಟಿಗಟ್ಟಲೆ ಖರ್ಚು ಮಾಡಿ ದೊಡ್ಡ ಪ್ರಯೋಗ ನಡೆಸೋಕೆ ಯಾವ ಕಂಪನಿಗೆ ಆಸಕ್ತಿ ಇರುತ್ತೆ? ಆದ್ರೆ ಕೆಟಮಿನ್ ಅಣುವಿಗೆ ಎಡಗೈ-ಬಲಗೈ ಥರ ಎರಡು ರೂಪ ಇವೆ, ಒಂದು ಇನ್ನೊಂದರ ಕನ್ನಡಿ ಬಿಂಬ. ಅದರಲ್ಲಿ ಒಂದನ್ನ ಮಾತ್ರ ಬೇರ್ಪಡಿಸಿ, ಮೂಗಿಗೆ ಹೊಡೆಯೋ ಸ್ಪ್ರೇ ಮಾಡಿದ್ರೆ ಅದು ಹೊಸ ಉತ್ಪನ್ನ. ಅದೇ ಎಸ್‌ಕೆಟಮಿನ್. ಜಾನ್ಸನ್ ಅಂಡ್ ಜಾನ್ಸನ್ ಇದನ್ನ ಸ್ಪ್ರವಾಟೋ ಅನ್ನೋ ಹೆಸರಲ್ಲಿ ತಂತು. 2019ರ ಮಾರ್ಚ್‌ನಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಡ್ತು. ಆಗ ಒಂದು ಸಲದ ಬೆಲೆ 590ರಿಂದ 885 ಡಾಲರ್. ಮೊದಲ ನಾಲ್ಕು ವಾರ, ವಾರಕ್ಕೆರಡು ಸಲ ತಗೋಬೇಕು. ಗುಣಿಸಿಕೊಳ್ಳಿ.

ಕಂಪನಿ ಲಾಭಕ್ಕೆ ಮಾಡಿದೆ ಅಂದ ಮಾತ್ರಕ್ಕೆ ಔಷಧಿ ಸುಳ್ಳು ಅಂತಲ್ಲ. ಹಾಗಾದ್ರೆ ಅದು ಎಷ್ಟು ಕೆಲಸ ಮಾಡುತ್ತೆ? ಇಲ್ಲಿ ಬಿಕಾಂ ಮೊದಲ ವರ್ಷದ ಪಾಠ ಒಂದು ನೆನಪು ಮಾಡಿಕೊಳ್ಳೋಣ. ಅಂಗಡಿಯವನು "ನನಗೆ ಈ ತಿಂಗಳು ಹತ್ತು ಲಕ್ಷ ಬಂತು" ಅಂದ್ರೆ ನಾವು ಏನು ಕೇಳ್ತೀವಿ? ಖರ್ಚು ಕಳೆದು ಎಷ್ಟು ಉಳೀತು ಅಂತ. ಗ್ರಾಸ್ ಬೇರೆ, ನೆಟ್ ಬೇರೆ. ಔಷಧಿ ಪ್ರಯೋಗದಲ್ಲೂ ಹಾಗೇ. ಔಷಧಿ ತಗೊಂಡವರಲ್ಲಿ ಕಂಡ ಸುಧಾರಣೆ ಗ್ರಾಸ್. ಅದರಿಂದ ಸುಳ್ಳು ಔಷಧಿ, ಅಂದ್ರೆ ಪ್ಲಸೀಬೋ ತಗೊಂಡವರಲ್ಲಿ ಕಂಡ ಸುಧಾರಣೆಯನ್ನ ಕಳೀಬೇಕು. ಉಳಿದದ್ದು ಔಷಧಿಯ ನಿಜವಾದ ನೆಟ್.

ಖಿನ್ನತೆಯಲ್ಲಿ ಈ ಕಳೆಯೋ ಮೊತ್ತ ದೊಡ್ಡದಿರುತ್ತೆ. ಯಾಕೆ? ಪ್ರಯೋಗಕ್ಕೆ ಸೇರಿದ ರೋಗಿಯನ್ನ ಯಾರೋ ಕೂರಿಸಿ ಮಾತಾಡಿಸ್ತಾರೆ, ವಾರವಾರ ವಿಚಾರಿಸ್ತಾರೆ, "ಇದು ಕೆಲಸ ಮಾಡಬಹುದು" ಅನ್ನೋ ಭರವಸೆ ಹುಟ್ಟುತ್ತೆ. ಅಷ್ಟರಿಂದಲೇ ಎಷ್ಟೋ ಜನಕ್ಕೆ ಹಗುರಾಗುತ್ತೆ. ಅದು ನಾಟಕ ಅಲ್ಲ, ನಿಜವಾಗಿಯೂ ಹಗುರಾಗುತ್ತೆ. ಜೊತೆಗೆ, ಖಿನ್ನತೆ ಕೆಲವರಲ್ಲಿ ತಾನಾಗೇ ಏರಿ ಇಳಿಯೋ ಸ್ವಭಾವದ್ದು. ಎಸ್‌ಕೆಟಮಿನ್‌ಗೆ ಒಪ್ಪಿಗೆ ಕೊಡಿಸಿದ ಮುಖ್ಯ ಅಲ್ಪಾವಧಿ ಪ್ರಯೋಗದಲ್ಲಿ ಎರಡೂ ಗುಂಪಿಗೆ ಹೊಸ ಮಾತ್ರೆ ಶುರು ಮಾಡಿ, ಒಂದು ಗುಂಪಿಗೆ ನಿಜವಾದ ಸ್ಪ್ರೇ, ಇನ್ನೊಂದಕ್ಕೆ ಸುಳ್ಳು ಸ್ಪ್ರೇ ಕೊಟ್ರು. ಖಿನ್ನತೆ ಅಳೆಯೋಕೆ 60 ಅಂಕದ ಒಂದು ಮಾಪಕ ಇದೆ. ನಾಲ್ಕು ವಾರದ ಕೊನೆಗೆ ನಿಜವಾದ ಸ್ಪ್ರೇ ಗುಂಪಲ್ಲಿ ಸುಮಾರು 20 ಅಂಕ ಇಳೀತು, ಸುಳ್ಳು ಸ್ಪ್ರೇ ಗುಂಪಲ್ಲಿ ಸುಮಾರು 16. ನೆಟ್ ಎಷ್ಟು? 4. ಇನ್ನೆರಡು ಅಲ್ಪಾವಧಿ ಪ್ರಯೋಗಗಳಲ್ಲಿ ಆ ವ್ಯತ್ಯಾಸ ಸಂಖ್ಯಾಶಾಸ್ತ್ರದ ಗೆರೆ ದಾಟಲಿಲ್ಲ. ಆದ್ರೆ ಗುಣವಾದವರಲ್ಲಿ ಸ್ಪ್ರೇ ಮುಂದುವರಿಸಿದ್ರೆ ಖಿನ್ನತೆ ಮರುಕಳಿಸೋದು ಕಡಿಮೆ ಅಂತ ದೀರ್ಘಾವಧಿಯ ಪ್ರಯೋಗವೊಂದು ತೋರಿಸ್ತು. ಎಲ್ಲಾ ಸೇರಿಸಿ ನೋಡಿ ಒಪ್ಪಿಗೆ ಕೊಟ್ರು.

ಒಪ್ಪಿಗೆಯಲ್ಲಿ ಷರತ್ತುಗಳಿವೆ. ಸ್ಪ್ರೇ ಮನೆಗೆ ಕೊಡೋ ಹಾಗಿಲ್ಲ. ನೋಂದಾಯಿತ ಚಿಕಿತ್ಸಾ ಕೇಂದ್ರದಲ್ಲೇ ತಗೋಬೇಕು, ಕನಿಷ್ಠ ಎರಡು ಗಂಟೆ ಅಲ್ಲೇ ಕೂರಬೇಕು, ಆ ದಿನ ಗಾಡಿ ಓಡಿಸೋ ಹಾಗಿಲ್ಲ. ಬಿಪಿ ಏರಬಹುದು, ಮಂಪರು ಬರಬಹುದು, "ನಾನು ನನ್ನ ದೇಹದಲ್ಲಿ ಇಲ್ಲ" ಅನ್ನೋ ಅನುಭವ ಆಗಬಹುದು. ಇದನ್ನ ನಶೆಗೆ ಬಳಸೋರೂ ಇದ್ದಾರೆ. ಹಾಗೆ ತುಂಬ ದಿನ ಬಳಸಿದವರ ಮೂತ್ರಕೋಶ ಹಾಳಾಗಿರೋದು ವೈದ್ಯರಿಗೆ ಚೆನ್ನಾಗಿ ಗೊತ್ತಿರೋ ವಿಷಯ.

'ಫ್ರೆಂಡ್ಸ್' ನೋಡಿದವರಿಗೆ ಮ್ಯಾಥ್ಯೂ ಪೆರಿ ಗೊತ್ತು. 2023ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡ್ರು. ಕೆಟಮಿನ್‌ನ ತೀವ್ರ ಪರಿಣಾಮವೇ ಮುಖ್ಯ ಕಾರಣ ಅಂತ ವರದಿ ಬಂತು. ಅವರು ಖಿನ್ನತೆ ಮತ್ತು ಆಂಗ್ಸೈಟಿಗೆ ಮೇಲ್ವಿಚಾರಣೆಯಲ್ಲಿ ಕೆಟಮಿನ್ ಚಿಕಿತ್ಸೆ ತಗೊಂಡಿದ್ದು ಹೌದು. ಆದ್ರೆ ಜೀವ ತೆಗೆದದ್ದು ಆ ಚಿಕಿತ್ಸೆ ಅಲ್ಲ, ಅದರ ಹೊರಗೆ ಅಕ್ರಮವಾಗಿ ಸಿಕ್ಕ ಕೆಟಮಿನ್. ಆ ಸಂಬಂಧ ಐದು ಜನರ ಮೇಲೆ 2024ರಲ್ಲಿ ಕೇಸ್ ಆಯ್ತು, ಅವರಲ್ಲಿ ಇಬ್ಬರು ಡಾಕ್ಟರ್‌ಗಳು. ಮದ್ದು ಅದೇ, ಕೈ ಬೇರೆ, ಪ್ರಮಾಣ ಬೇರೆ.

ಈಗ ನನಗೆ ತುಂಬ ಯೋಚನೆ ಹಚ್ಚಿದ ಒಂದು ಅಧ್ಯಯನ ಹೇಳ್ತೀನಿ. ಕೆಟಮಿನ್ ಪ್ರಯೋಗಗಳಲ್ಲಿ ಒಂದು ತೊಡಕಿದೆ. ನಿಜವಾದ ಕೆಟಮಿನ್ ಸಿಕ್ಕವನಿಗೆ ತಲೆ ತೇಲಿದ ಹಾಗಾಗುತ್ತೆ, ಅವನಿಗೆ ಗೊತ್ತಾಗಿಬಿಡುತ್ತೆ. ಉಪ್ಪುನೀರು ಸಿಕ್ಕವನಿಗೂ ಗೊತ್ತಾಗಿಬಿಡುತ್ತೆ. ಕಣ್ಣಿಗೆ ಬಟ್ಟೆ ಕಟ್ಟಿದ್ದೀವಿ ಅಂತಾರೆ, ಆದ್ರೆ ಬಟ್ಟೆ ತೆಳು. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಇದಕ್ಕೊಂದು ಉಪಾಯ ಮಾಡಿದ್ರು. ಖಿನ್ನತೆ ಇರೋ, ಬೇರೆ ಯಾವುದೋ ಆಪರೇಷನ್‌ಗೆ ಬಂದ 40 ಜನರನ್ನ ಸೇರಿಸಿಕೊಂಡ್ರು. ಅವರು ಅರಿವಳಿಕೆಯಲ್ಲಿ ಪೂರ್ತಿ ಪ್ರಜ್ಞೆ ಇಲ್ಲದೆ ಇದ್ದಾಗ ಅರ್ಧ ಜನಕ್ಕೆ ಕೆಟಮಿನ್, ಅರ್ಧ ಜನಕ್ಕೆ ಉಪ್ಪುನೀರು. ತೇಲೋ ಅನುಭವ ಯಾರಿಗೂ ಇಲ್ಲ. 2023ರಲ್ಲಿ ಫಲಿತಾಂಶ ಬಂತು: ಎರಡೂ ಗುಂಪಿನಲ್ಲಿ ಖಿನ್ನತೆ ಚೆನ್ನಾಗಿ ಇಳೀತು, ಎರಡರ ನಡುವೆ ವ್ಯತ್ಯಾಸವೇ ಕಾಣಲಿಲ್ಲ.

ಇದರರ್ಥ ಕೆಟಮಿನ್ ಬರೀ ಮೋಸ ಅಂತಲಾ? ಅಲ್ಲ. ಅಧ್ಯಯನ ಚಿಕ್ಕದು, ಜೊತೆಗೆ ಕೊಟ್ಟ ಅರಿವಳಿಕೆಯ ಪಾತ್ರವೂ ಇರಬಹುದು, ಆ ತೇಲೋ ಅನುಭವವೇ ಚಿಕಿತ್ಸೆಯ ಭಾಗ ಅಂತ ವಾದಿಸೋರೂ ಇದ್ದಾರೆ. ಆದ್ರೆ ಒಂದು ಮಾತು ಸ್ಪಷ್ಟ. ಯಾರೋ ನಮ್ಮನ್ನ ಗಂಭೀರವಾಗಿ ನೋಡಿಕೊಳ್ತಿದ್ದಾರೆ ಅನ್ನೋ ನಂಬಿಕೆಗೂ ಔಷಧಿಯಷ್ಟೇ ದೊಡ್ಡ ಕೈ ಇದೆ. ಐದು ನಿಮಿಷದಲ್ಲಿ ಚೀಟಿ ಬರೆದು ಕಳಿಸೋ ಓಪಿಡಿಗಳಲ್ಲಿ ಇದೇ ಕಾಣೆಯಾಗಿರೋದು.

ಮುಂದಕ್ಕೆ ಹೋಗೋಣ. ಅಣಬೆ.

ಕೆಲವು ಜಾತಿಯ ಅಣಬೆಗಳಲ್ಲಿ ಸಿಲೋಸೈಬಿನ್ ಅನ್ನೋ ವಸ್ತು ಇರುತ್ತೆ. ಪ್ರಯೋಗಗಳಲ್ಲಿ ಕಾಡಿಂದ ಕಿತ್ತು ತಂದ ಅಣಬೆ ಕೊಡಲ್ಲ, ಪ್ರಯೋಗಾಲಯದಲ್ಲಿ ಅಳೆದು ಮಾಡಿದ ಕ್ಯಾಪ್ಸೂಲ್ ಕೊಡ್ತಾರೆ. ಕಂಪಾಸ್ ಪಾತ್‌ವೇಸ್ ಕಂಪನಿಯ ಎರಡನೇ ಹಂತದ ಪ್ರಯೋಗ 2022ರಲ್ಲಿ ಪ್ರಕಟವಾಯ್ತು, 233 ಜನ ಇದ್ರು. 25 ಮಿಲಿಗ್ರಾಂ ಒಂದೇ ಸಲ ತಗೊಂಡವರಲ್ಲಿ ಮೂರು ವಾರಕ್ಕೆ 12 ಅಂಕ ಇಳೀತು. ಹೆಸರಿಗೆ ಮಾತ್ರ 1 ಮಿಲಿಗ್ರಾಂ ತಗೊಂಡವರಲ್ಲಿ 5.4. ನೆಟ್ ಲೆಕ್ಕ 6.6. ಚೆನ್ನಾಗಿದೆ. ಆದ್ರೆ 2025ರಲ್ಲಿ ಮೂರನೇ ಹಂತದ ಮೊದಲ ಪ್ರಯೋಗ, 258 ಜನ, ಆರು ವಾರಕ್ಕೆ ಅಳೆದಾಗ ನೆಟ್ 3.6. ಔಷಧಿ ಗೆದ್ದಿದೆ, ಆದ್ರೆ ಹಿಂದಿನಷ್ಟು ಅಂತರದಿಂದ ಅಲ್ಲ. ಇದು ಔಷಧಿ ಲೋಕದಲ್ಲಿ ಮತ್ತೆ ಮತ್ತೆ ಕಾಣೋ ಕಥೆ. ಜನ ಹೆಚ್ಚಾದಷ್ಟೂ, ಪರೀಕ್ಷೆ ಬಿಗಿಯಾದಷ್ಟೂ, ಹೊಳಪು ಸ್ವಲ್ಪ ಕಡಿಮೆ ಆಗುತ್ತೆ.

ಆಂಗ್ಸೈಟಿಗೆ ಎಲ್‌ಎಸ್‌ಡಿ ರೂಪದ ಔಷಧಿಯೊಂದರ ಎರಡನೇ ಹಂತದ ಪ್ರಯೋಗ 198 ಜನರ ಮೇಲೆ ನಡೆದು 2025ರಲ್ಲಿ ಪ್ರಕಟವಾಗಿದೆ. ಹೆಚ್ಚಿನ ಪ್ರಮಾಣ ತಗೊಂಡವರಲ್ಲಿ ಪ್ಲಸೀಬೋಗಿಂತ ಒಳ್ಳೆ ಫಲಿತಾಂಶ ಬಂದಿದೆ. ಇನ್ನು ಎಂಡಿಎಂಎ. ಅದು ಪಿಟಿಎಸ್‌ಡಿಗೆ, ಅಂದ್ರೆ ಆಘಾತದ ನಂತರ ಕಾಡೋ ಮನೋಯಾತನೆಗೆ ಅಂತ ಬಂತು. ಲೈಕೋಸ್ ಅನ್ನೋ ಕಂಪನಿ ಅರ್ಜಿ ಹಾಕಿತ್ತು. 2024ರ ಜೂನ್‌ನಲ್ಲಿ ಎಫ್‌ಡಿಎ ಸಲಹಾ ಸಮಿತಿಯಲ್ಲಿ ಅಪಾಯಕ್ಕಿಂತ ಲಾಭ ಹೆಚ್ಚು ಅಂತ ಹೇಳಿದ್ದು ಒಬ್ಬರೇ, ಇಲ್ಲ ಅಂದವರು 10 ಜನ. ಆಗಸ್ಟ್‌ನಲ್ಲಿ ಅರ್ಜಿ ವಾಪಸ್. ಇನ್ನೊಂದು ಮೂರನೇ ಹಂತದ ಪ್ರಯೋಗ ಮಾಡಿ ಬನ್ನಿ ಅಂದ್ರು. ಇನ್ನೊಂದು ಕಡೆ ಆಸ್ಟ್ರೇಲಿಯಾ 2023ರ ಜುಲೈನಿಂದಲೇ, ವಿಶೇಷ ಅನುಮತಿ ಪಡೆದ ಮನೋವೈದ್ಯರು ಕೆಲವು ರೋಗಿಗಳಿಗೆ ಸಿಲೋಸೈಬಿನ್, ಎಂಡಿಎಂಎ ಬರೆದುಕೊಡಬಹುದು ಅಂತ ಮಾಡಿದೆ.

ಇಲ್ಲಿ ನೇರವಾಗಿ ಒಂದು ಮಾತು. "ವೀಕೆಂಡ್‌ಗೆ ಕೊಡೈಕೆನಾಲ್ ಹೋಗಿ ಬಂದ್ರೆ ಥೆರಪಿ ಆಗೋಯ್ತು" ಅನ್ನೋ ಜೋಕ್ ನನಗೂ ಬಂದಿದೆ. ಪ್ರಯೋಗದಲ್ಲಿ ಆಗೋದು ಹಾಗಲ್ಲ. ಮೊದಲು ಹಲವು ಸಲ ತಪಾಸಣೆ. ತಮಗೆ ಅಥವಾ ರಕ್ತಸಂಬಂಧಿಗಳಿಗೆ ಸ್ಕಿಜೋಫ್ರೇನಿಯಾ, ಬೈಪೋಲಾರ್ ಇದ್ರೆ ಸಾಮಾನ್ಯವಾಗಿ ಸೇರಿಸಿಕೊಳ್ಳೋದೇ ಇಲ್ಲ. ಡೋಸ್ ಕೊಟ್ಟ ದಿನ ಆರೆಂಟು ಗಂಟೆ ತರಬೇತಿ ಪಡೆದವರು ಪಕ್ಕದಲ್ಲೇ ಕೂತಿರ್ತಾರೆ. ಆಮೇಲೂ ಮಾತುಕತೆ. ಇದೆಲ್ಲಾ ತೆಗೆದುಬಿಟ್ರೆ ಉಳಿಯೋದು ಔಷಧಿ ಅಲ್ಲ, ಜೂಜು. ಕಾನೂನಿನ ಮಾತು ಹೇಳೋದಾದ್ರೆ, ಸಿಲೋಸೈಬಿನ್, ಎಲ್‌ಎಸ್‌ಡಿ, ಎಂಡಿಎಂಎ ಮೂರೂ ನಮ್ಮ ದೇಶದ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿವೆ.

ರೀಲ್ಸ್‌ನಲ್ಲಿ ಅಷ್ಟಾಗಿ ಕಾಣದ, ಆದ್ರೆ ನಮ್ಮ ಮನೆಗಳಿಗೆ ತುಂಬ ಹತ್ತಿರದ ಇನ್ನೊಂದು ಔಷಧಿ ಇದೆ. ಬಾಣಂತಿಯರ ಖಿನ್ನತೆಗೆ. ಹೆರಿಗೆ ಆದ ತಕ್ಷಣ ತಾಯಿಯ ದೇಹದಲ್ಲಿ ಕೆಲವು ಹಾರ್ಮೋನುಗಳು ಪಾತಾಳಕ್ಕೆ ಇಳೀತವೆ. ಅವುಗಳಲ್ಲಿ ಒಂದನ್ನ ಹೋಲುವ ಬ್ರೆಕ್ಸನೊಲೋನ್‌ಗೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು. ಆದ್ರೆ ಅದನ್ನ ಸತತ 60 ಗಂಟೆ ಡ್ರಿಪ್‌ನಲ್ಲಿ ಕೊಡಬೇಕಿತ್ತು, ಬೆಲೆ 34,000 ಡಾಲರ್. ಎಷ್ಟು ತಾಯಂದಿರಿಗೆ ಸಾಧ್ಯ? 2023ರ ಆಗಸ್ಟ್‌ನಲ್ಲಿ ಅದೇ ಜಾತಿಯ ಜುರಾನೊಲೋನ್ ಮಾತ್ರೆ ರೂಪದಲ್ಲಿ ಬಂತು, ದಿನಕ್ಕೊಂದು ಸಲದಂತೆ 14 ದಿನ. 196 ತಾಯಂದಿರ ಪ್ರಯೋಗದಲ್ಲಿ ನೆಟ್ ಲಾಭ ಸುಮಾರು 4 ಅಂಕ. ಮೂರನೇ ದಿನಕ್ಕೇ ವ್ಯತ್ಯಾಸ ಕಾಣಿಸ್ತು. ಅದೇ ಮಾತ್ರೆಯನ್ನ ಸಾಮಾನ್ಯ ಖಿನ್ನತೆಗೂ ಕೊಡ್ತೀವಿ ಅಂತ ಕಂಪನಿ ಕೇಳಿದಾಗ ಎಫ್‌ಡಿಎ ಒಪ್ಪಲಿಲ್ಲ, ಆಧಾರ ಸಾಲದು ಅಂತು.

ಈ ಕಥೆ ಯಾಕೆ ಹೇಳಿದೆ ಅಂದ್ರೆ, ನಮ್ಮಲ್ಲಿ ಬಾಣಂತಿ ಅಳ್ತಾ ಕೂತ್ರೆ "ಮಗು ಎತ್ತಿಕೊಂಡು ಅಳಬಾರದು ಕಣಮ್ಮಾ, ದೃಷ್ಟಿ ಆಗಿದೆ" ಅಂತಾರೆ. ಎಣ್ಣೆ ಸ್ನಾನ, ಸಾಂಬ್ರಾಣಿ ಹೊಗೆ, ಪಥ್ಯ ಎಲ್ಲಾ ಅಚ್ಚುಕಟ್ಟಾಗಿ ನಡೆಯುತ್ತೆ, ಮನಸ್ಸು ಹೇಗಿದೆ ಅಂತ ಕೇಳೋರಿಲ್ಲ. ಅದು ಅವಳ ಸೋಮಾರಿತನ ಅಲ್ಲ, ದೇಹದೊಳಗಿನ ನಿಜವಾದ ಕುಸಿತ ಅನ್ನೋದನ್ನ ಈ ಔಷಧಿಗಳು ಜಗತ್ತಿಗೆ ತೋರಿಸಿಕೊಟ್ಟಿವೆ. ಮಾತ್ರೆ ನಮ್ಮೂರಿಗೆ ಬರೋ ಮುಂಚೆ ಆ ತಿಳುವಳಿಕೆಯಾದ್ರೂ ಬರಲಿ. ಈಗಾಗಲೇ ಇರೋ ಚಿಕಿತ್ಸೆಯಲ್ಲೂ ಎಷ್ಟೋ ತಾಯಂದಿರು ಗುಣ ಆಗ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನ ಜೊತೆಗೇ ಇರಿಸಿಕೊಂಡು ನೋಡೋ ಪ್ರತ್ಯೇಕ ವಾರ್ಡೇ ಇದೆ.

ಈಗ ಭಾರತ. 2015-16ರಲ್ಲಿ ನಿಮ್ಹಾನ್ಸ್ ನೇತೃತ್ವದಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೀತು. ವಯಸ್ಕರಲ್ಲಿ ಸುಮಾರು 20ಕ್ಕೆ ಒಬ್ಬರು ಖಿನ್ನತೆಯಿಂದ ಬಳಲಿದ್ದಾರೆ ಅಂತ ಅದು ಹೇಳ್ತು. ಚಿಕಿತ್ಸೆ ಬೇಕಾಗಿಯೂ ಸಿಗದವರ ಪ್ರಮಾಣ, ಸಾಮಾನ್ಯ ಮಾನಸಿಕ ತೊಂದರೆಗಳಲ್ಲಿ ಶೇ 80ಕ್ಕೂ ಹೆಚ್ಚು. ಅಂದ್ರೆ ನಮ್ಮ ಬಹುತೇಕರ ಸಮಸ್ಯೆ "ಹಳೇ ಔಷಧಿ ಕೆಲಸ ಮಾಡ್ತಿಲ್ಲ" ಅನ್ನೋದಲ್ಲ, ಹಳೇ ಔಷಧಿಯೂ ತಲುಪಿಲ್ಲ ಅನ್ನೋದು.

ಕೆಟಮಿನ್ ನಮ್ಮಲ್ಲೂ ಇದೆ, ಅರಿವಳಿಕೆ ಔಷಧಿಯಾಗಿ. ಅದನ್ನ ಮಾರೋದು, ಇಟ್ಟುಕೊಳ್ಳೋದು ಬಿಗಿ ನಿಯಮದ ಶೆಡ್ಯೂಲ್ ಎಕ್ಸ್ ಅಡಿ ಬರುತ್ತೆ. ಕೆಲವು ಆಸ್ಪತ್ರೆಗಳಲ್ಲಿ ಮನೋವೈದ್ಯರು ತೀವ್ರ ಖಿನ್ನತೆಗೆ ಕೊಡ್ತಾರೆ. ಬೇರೆ ಕಾಯಿಲೆಗೆ ಒಪ್ಪಿಗೆ ಇರೋ ಔಷಧಿಯನ್ನ ವೈದ್ಯರು ತಮ್ಮ ವಿವೇಚನೆಯಿಂದ ಇನ್ನೊಂದಕ್ಕೆ ಬಳಸೋ ಪದ್ಧತಿ ಇದು. ಹಾಗೆ ಯಾರಾದ್ರೂ ಸೂಚಿಸಿದ್ರೆ ಕೇಳಿ: ಕೊಡೋವಾಗ ಅರಿವಳಿಕೆ ತಜ್ಞರು ಇರ್ತಾರಾ? ಬಿಪಿ, ಹೃದಯ ನೋಡ್ತೀರಾ? ಎಷ್ಟು ಸಲ? ಪರಿಣಾಮ ಇಳಿದ ಮೇಲೆ ಏನು ಪ್ಲಾನ್? ಈ ಪ್ರಶ್ನೆಗಳಿಗೆ ಮುಖ ಸಿಂಡರಿಸೋ ಜಾಗದಿಂದ ಎದ್ದು ಬನ್ನಿ.

ಪ್ರಯೋಗಕ್ಕೇ ಸೇರ್ತೀರಾ ಅಂತ ಕೇಳಿದ್ರೆ? ಹೆದರಬೇಕಿಲ್ಲ, ಆದ್ರೆ ಹಕ್ಕು ಗೊತ್ತಿರಬೇಕು. ಜಾಕ್ಸನ್ ಜೈಲು ನೆನಪಿದೆಯಲ್ಲ? ಇಮಿಪ್ರಮಿನ್ ಕಂಡುಹಿಡಿದ ಸ್ವಿಸ್ ಆಸ್ಪತ್ರೆಯಲ್ಲೂ ದಶಕಗಳ ಕಾಲ ಎಷ್ಟೋ ರೋಗಿಗಳಿಗೆ ಸರಿಯಾಗಿ ತಿಳಿಸದೆ ಹಲವು ಹೊಸ ವಸ್ತುಗಳನ್ನ ಕೊಟ್ಟು ನೋಡಿದ್ರು ಅಂತ ಇತಿಹಾಸಕಾರರ ತನಿಖೆ 2019ರಲ್ಲಿ ಬಯಲು ಮಾಡ್ತು. ಇವತ್ತು ಹಾಗೆ ಮಾಡೋ ಹಾಗಿಲ್ಲ. ನಮ್ಮ ದೇಶದಲ್ಲಿ 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಿವೆ. ನಿಮಗೆ ಅರ್ಥ ಆಗೋ ಭಾಷೆಯಲ್ಲಿ, ಕನ್ನಡ ಬೇಕಂದ್ರೆ ಕನ್ನಡದಲ್ಲಿ, ವಿವರಿಸಿ ಒಪ್ಪಿಗೆ ಪಡೀಬೇಕು. ಆ ಪತ್ರದ ಪ್ರತಿ ನಿಮಗೆ ಕೊಡಬೇಕು. ಯಾವಾಗ ಬೇಕಾದ್ರೂ, ಕಾರಣ ಹೇಳದೆ ಹೊರಗೆ ಬರಬಹುದು. ಪ್ರಯೋಗದಿಂದ ತೊಂದರೆ ಆದ್ರೆ ಉಚಿತ ಚಿಕಿತ್ಸೆ, ಪರಿಹಾರ ಎರಡೂ ಉಂಟು. ನೈತಿಕ ಸಮಿತಿಯ ಒಪ್ಪಿಗೆ ಇರಬೇಕು, ಸಿಟಿಆರ್‌ಐ ಅನ್ನೋ ಸರ್ಕಾರಿ ದಾಖಲೆಯಲ್ಲಿ ನೋಂದಣಿ ಆಗಿರಬೇಕು. ಆ ದಾಖಲೆಯನ್ನ ನೀವೇ ಮೊಬೈಲ್‌ನಲ್ಲಿ ಹುಡುಕಿ ನೋಡಬಹುದು. ಇನ್ನೊಂದು ಮುಖ್ಯ ಮಾತು: ಪ್ರಯೋಗದಲ್ಲಿ ಭಾಗವಹಿಸೋಕೆ ನಿಮ್ಮಿಂದ ದುಡ್ಡು ಕೇಳಿದ್ರೆ ಅಲ್ಲೇ ನಿಲ್ಲಿ, ಅನುಮಾನ ಪಡಿ.

ಹಾಗಾದ್ರೆ ಮೂರು ಮಾತ್ರೆ ಬದಲಾಯಿಸಿದ ಗೆಳೆಯರಿಗೆ ಉತ್ತರ. ಇರೋದನ್ನ ನಿಲ್ಲಿಸಿ ಹೋಗ್ಲಾ ಅಂದ್ರಲ್ಲ, ನೀವಾಗೇ ನಿಲ್ಲಿಸಬೇಡಿ. ಥಟ್ ಅಂತ ನಿಲ್ಲಿಸಿದ್ರೆ ತಲೆ ಸುತ್ತು, ಕರೆಂಟ್ ಹೊಡೆದ ಹಾಗೆ ಅನುಭವ, ನಿದ್ದೆ ಕೆಡೋದು, ಖಿನ್ನತೆ ಮರುಕಳಿಸೋದು ಎಲ್ಲಾ ಆಗಬಹುದು. ಮುಂದಿನ ಭೇಟಿಯಲ್ಲಿ ಡಾಕ್ಟರ್ ಹತ್ರ ಇಷ್ಟು ಕೇಳಿ. ಮೂರೂ ಮಾತ್ರೆಯನ್ನ ಸಾಕಷ್ಟು ಪ್ರಮಾಣದಲ್ಲಿ, ಸಾಕಷ್ಟು ವಾರ ಕೊಟ್ಟಿದ್ರಾ? ಥೈರಾಯ್ಡ್, ಬಿ12 ನೋಡಿದ್ದೀರಾ? ಇದು ಬೈಪೋಲಾರ್ ಇರಬಹುದಾ? ಮಾತ್ರೆ ಜೊತೆ ಸಿಬಿಟಿ ಥರದ ಮಾತಿನ ಚಿಕಿತ್ಸೆ ಮಾಡಬಹುದಾ? ಇನ್ನೊಂದು ಔಷಧಿ ಜೊತೆಗೂಡಿಸಬಹುದಾ? ಆಯಸ್ಕಾಂತೀಯ ಅಲೆಗಳ ಆರ್‌ಟಿಎಂಎಸ್, ಅಥವಾ ಇಸಿಟಿ ನನಗೆ ಆಗುತ್ತಾ? ಇಸಿಟಿ ಅಂದ ಕೂಡಲೇ ಹಳೇ ಸಿನಿಮಾದ ಶಾಕ್ ದೃಶ್ಯ ನೆನಪಾಗುತ್ತೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಅರಿವಳಿಕೆ ಇಲ್ಲದೆ ಅದನ್ನ ಕೊಡೋ ಹಾಗೇ ಇಲ್ಲ. ತೀವ್ರ ಖಿನ್ನತೆಗೆ ಅದು ಇವತ್ತಿಗೂ ಬಲವಾದ ಚಿಕಿತ್ಸೆ. ಇವೆಲ್ಲಾ ಪ್ರಾಯೋಗಿಕ ಅಲ್ಲ, ಈಗಲೇ ಇರೋವು. ಇವನ್ನೆಲ್ಲಾ ನೋಡಿದ ಮೇಲೂ ಬೇಕಾದ್ರೆ, ಕೆಟಮಿನ್ ಮಾತು ಡಾಕ್ಟರ್ ಮುಂದೆ ಇಡಿ. ಕೇಳೋದು ತಪ್ಪಲ್ಲ.

ಉಳಿದವರಿಗೆ, ಮುಂದಿನ ಸಲ "ಕ್ರಾಂತಿಕಾರಿ ಔಷಧಿ" ಅನ್ನೋ ಹೆಡ್‌ಲೈನ್ ಕಂಡಾಗ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಎಷ್ಟು ಜನರ ಮೇಲೆ ನೋಡಿದ್ದು? ಯಾವುದಕ್ಕೆ ಹೋಲಿಸಿ, ಅಂದ್ರೆ ನೆಟ್ ಎಷ್ಟು? ಎಷ್ಟು ದಿನ ಉಳೀತು? ದುಡ್ಡು ಹಾಕಿದ್ದು ಯಾರು? ನಾಲ್ಕಕ್ಕೂ ಉತ್ತರ ಸಿಗದೇ ಇದ್ರೆ ಅದನ್ನ ಫ್ಯಾಮಿಲಿ ಗ್ರೂಪ್‌ಗೆ ಫಾರ್ವರ್ಡ್ ಮಾಡಬೇಡಿ. ಆ ಗ್ರೂಪ್‌ನಲ್ಲಿ ಯಾರು ಗುಟ್ಟಾಗಿ ಮಾತ್ರೆ ನುಂಗ್ತಿದ್ದಾರೆ ಅನ್ನೋದು ನಮಗೆ ಗೊತ್ತಿರಲ್ಲ.

ನನಗೆ ಈ ಔಷಧಿಗಳ ಬಗ್ಗೆ ಭರವಸೆ ಇದೆ. ಐವತ್ತು ವರ್ಷ ಒಂದೇ ರಸ್ತೆಯಲ್ಲಿ ನಡೆದ ವಿಜ್ಞಾನ ಈಗ ಮೂರ್ನಾಲ್ಕು ಹೊಸ ರಸ್ತೆ ಹಿಡಿದಿದೆ. ಕೆಲವು ಎಲ್ಲಿಗೂ ತಲುಪದೇ ಇರಬಹುದು, ಒಂದೆರಡು ಖಂಡಿತ ತಲುಪುತ್ತವೆ. ಅಲ್ಲಿಯವರೆಗೆ ಇರೋ ಚಿಕಿತ್ಸೆ ಬಿಡಬೇಡಿ, ಒಬ್ಬರೇ ನರಳಬೇಡಿ.

ಟೆಲಿ ಮಾನಸ್ ನಂಬರ್ ಇನ್ನೊಂದು ಸಲ: 14416. ಫೋನ್‌ನಲ್ಲಿ ಸೇವ್ ಮಾಡಿಟ್ಟುಕೊಳ್ಳಿ. ನಿಮಗೆ ಬೇಡದೇ ಇದ್ರೂ ಇನ್ಯಾರಿಗೋ ಬೇಕಾಗಬಹುದು. ಪ್ರಶ್ನೆಗಳಿದ್ರೆ ಎಂದಿನಂತೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ. ನಮಸ್ಕಾರ.